ಸಿಗದ ಫೈಲ್‌ಗಳ ಪಟ್ಟಿ

ಕೆಲಸ ಸುಸೂತ್ರವಾಗಿ ನಡೆದರೆ ಯಾರ ಕಣ್ಣಿಗೂ ಬೀಳದಂಥ ಹುದ್ದೆಯಲ್ಲಿರುವವರು ಅಪ್ರೈಸಲ್ ತಿಂಗಳು ಹತ್ತಿರವಾದಂತೆ ನಿದ್ದೆಗೆಟ್ಟು ಆಪ್ತಸಲಹೆಗೆಂದು ನನ್ನಲ್ಲಿಗೆ ಬರುವುದು ಹೊಸದಲ್ಲ. ಈ ಮಹಿಳೆ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಬೆಂಗಳೂರಿನ ಉಡುಪು ಕಂಪನಿಯೊಂದರಲ್ಲಿ ಫೋಟೊ, ವಿಡಿಯೊ, ಜಾಹೀರಾತು ವಿನ್ಯಾಸಗಳ ಡಿಜಿಟಲ್ ಭಂಡಾರವನ್ನು ನೋಡಿಕೊಳ್ಳುತ್ತಿದ್ದರು. ಆ ಭಂಡಾರವನ್ನು ನಡೆಸುವ ಸಾಫ್ಟ್‌ವೇರ್‌ನ ಒಪ್ಪಂದದ ನವೀಕರಣವೂ ಅವರ ಹುದ್ದೆಯೂ ಒಟ್ಟಿಗೇ ಪ್ರಶ್ನೆಗೊಳಗಾಗಿದ್ದವು.

“ನಾನು ಸರಿಯಾಗಿ ಕೆಲಸ ಮಾಡಿದ ದಿನ ಯಾರಿಗೂ ನನ್ನ ನೆನಪಾಗುವುದಿಲ್ಲ, ಮೇಡಂ. ಫೈಲ್ ಸಿಗದ ದಿನ ಮಾತ್ರ ಫೋನ್ ಬರುತ್ತದೆ” ಎಂದರು. ಮ್ಯಾನೇಜರಿಗೆ ಏನು ತೋರಿಸುತ್ತೀರಿ ಎಂದು ಕೇಳಿದಾಗ ಲ್ಯಾಪ್‌ಟಾಪ್ ತೆರೆದರು. ಅಪ್‌ಲೋಡ್, ಡೌನ್‌ಲೋಡ್, ತುಂಬಿದ ಜಾಗದ ಅಂಕಿಗಳು. ಕೆಳಗಿನ ಮೂಲೆಯಲ್ಲಿ, ಫಲಿತಾಂಶವೇ ಬಾರದ ಹುಡುಕಾಟಗಳ ಪಟ್ಟಿಯಿತ್ತು. ವರದಿ ಕಳುಹಿಸುವಾಗ ಅದನ್ನು ಅವರೇ ಅಳಿಸುತ್ತಿದ್ದರು. ಅದರ ತುಂಬ ಐಟಂ ಕೋಡ್‌ಗಳು. ಮಾರಾಟ ವಿಭಾಗದವರು ಕೋಡ್ ಹಾಕಿ ಹುಡುಕುತ್ತಿದ್ದರೆ, ಫೋಟೊಗಳಿಗೆ ಜಾಹೀರಾತು ಅಭಿಯಾನದ ಹೆಸರಷ್ಟೇ ಟ್ಯಾಗ್ ಆಗಿತ್ತು. ಹೀಗಾಗಿ ಭಂಡಾರದಲ್ಲೇ ಚಿತ್ರವಿದ್ದ ಸೀರೆಗೆ ಮತ್ತೊಮ್ಮೆ ಫೋಟೊ ಶೂಟ್ ನಡೆದು, ಮತ್ತೊಂದು ಬಿಲ್ ಆಗಿತ್ತು.

ಆ ಪಟ್ಟಿಯನ್ನೇ ಮೊದಲು ತೋರಿಸಿ ಎಂದೆ. ತಮ್ಮ ಲೋಪವನ್ನು ತಾವೇ ಒಪ್ಪಿಸಿದಂತಾಗುವುದಿಲ್ಲವೇ ಎಂದು ಅವರು ಹಿಂಜರಿದರು. ಇಂದಿನ ಸ್ಥಿತಿಯ ಲೆಕ್ಕವಿಲ್ಲದೆ ನಾಳಿನ ಸುಧಾರಣೆಯನ್ನು ಅಳೆಯಲಾಗದು. ಟ್ಯಾಗ್‌ಗೆ ಕೋಡ್ ಸೇರಿಸಿದ ಮೇಲೆ ವಿಫಲ ಹುಡುಕಾಟ ಎಷ್ಟು ಇಳಿಯಿತು, ಹಳೆಯ ಫೋಟೊ ಎಲ್ಲೆಲ್ಲಿ ಮರುಬಳಕೆಯಾಯಿತು, ಯಾವ ಶೂಟ್‌ನ ಅಗತ್ಯ ತಪ್ಪಿತು, ಬಳಕೆಯ ಹಕ್ಕು ಮುಗಿದ ಚಿತ್ರ ಹೊರಹೋಗದಂತೆ ಎಷ್ಟು ಸಲ ತಡೆದಿರಿ ಎಂಬುದನ್ನು ಮೂರು ತಿಂಗಳಿಗೊಮ್ಮೆ ಬರೆದಿಡಲು ಹೇಳಿದೆ. ಹುಡುಕಾಟದಲ್ಲಿ ಉಳಿತಾಯವಾದ ನಿಮಿಷಗಳನ್ನು ಎಲ್ಲರ ಸಂಬಳದಿಂದ ಗುಣಿಸಿ ಲಕ್ಷಗಳನ್ನು ತೋರಿಸುವ ರೂಢಿ ಬೇಡವೆಂದೆ. ಆ ನಿಮಿಷಗಳು ಯಾವ ಖಾತೆಗೂ ಜಮೆಯಾಗುವುದಿಲ್ಲವೆಂದು ಲೆಕ್ಕ ವಿಭಾಗಕ್ಕೆ ಚೆನ್ನಾಗಿ ಗೊತ್ತು, ಆದರೆ ತಪ್ಪಿದ ಶೂಟ್‌ಗೆ ಹಿಂದಿನ ಬಿಲ್ಲಿನ ಆಧಾರವಿರುತ್ತದೆ. ಡೌನ್‌ಲೋಡ್‌ಗೆ ಗುರಿ ಇಡುವುದೂ ಬೇಡ. ಹತೋಟಿಗೆಂದು ಒತ್ತಡ ಹೇರಿದೊಡನೆ ಅಂಕಿಅಂಶಗಳಲ್ಲಿ ಅದುವರೆಗೆ ಕಂಡ ಕ್ರಮ ಕುಸಿಯುತ್ತದೆಂದು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಬ್ರಿಟನ್ನಿನ ಹಣಕಾಸು ನೀತಿಯ ಬಗ್ಗೆ ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ. ಒಬ್ಬನೇ ಒಂದೇ ಫೈಲನ್ನು ಮತ್ತೆ ಮತ್ತೆ ಇಳಿಸಿಕೊಂಡರೂ ಆ ಸಂಖ್ಯೆ ಏರುತ್ತದೆ.

ಇದು ಆಪ್ತಸಲಹೆಯೋ ಮ್ಯಾನೇಜ್‌ಮೆಂಟ್ ಪಾಠವೋ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆತಂಕದ ಕಾರಣ ಕಣ್ಣೆದುರೇ ಇರುವಾಗ ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿಕೊಟ್ಟು ಕಳುಹಿಸುವುದು ನನಗೆ ಒಪ್ಪಿಗೆಯಿಲ್ಲ. ಭಂಡಾರದ ಕೊರತೆಯನ್ನು ತಮ್ಮ ಯೋಗ್ಯತೆಯ ಕೊರತೆಯೆಂದು ಓದಿಕೊಂಡಿದ್ದರಿಂದಲೇ ಅವರು ಆ ಪಟ್ಟಿಯನ್ನು ಅಳಿಸುತ್ತಿದ್ದರು, ಮತ್ತು ಅದನ್ನು ಮೇಜಿನ ಮೇಲಿಡದೆ ಆ ತಿಳಿವಳಿಕೆ ಬದಲಾಗುವಂತಿರಲಿಲ್ಲ.

ಆ ವರ್ಷ ಅವರ ರೇಟಿಂಗ್ ಏರಲಿಲ್ಲ. ಆದರೆ ಹೊಸ ಫೋಟೊ ಶೂಟ್‌ಗೆ ಮಂಜೂರಾತಿ ಕೇಳುವವರು ಭಂಡಾರದಲ್ಲಿ ಮೊದಲು ಹುಡುಕಿದ ದಾಖಲೆಯನ್ನು ಅರ್ಜಿಗೆ ಲಗತ್ತಿಸಬೇಕೆಂಬ ನಿಯಮ ಜಾರಿಗೆ ಬಂತು.