ಮೇಷ್ಟ್ರನ್ನು ಕೇಳಿ: ಹತ್ತೋದಲ್ಲ, ಇಳಿಯೋದೇ ಕಷ್ಟ

ಉತ್ತರೆ ಮಳೆ ಮುಗಿದು ಹಸ್ತ ಶುರುವಾಯಿತು ಅಂದರೆ ನನಗೆ ಬೆಟ್ಟದ ಪತ್ರಗಳು ಬರತೊಡಗುತ್ತವೆ. ಚಿಕ್ಕಮಗಳೂರಿನ ನಿವೃತ್ತ ಪಿ.ಟಿ. ಮೇಷ್ಟ್ರಿಗೆ ಇನ್ನೇನು ಕೇಳುತ್ತಾರೆ, ಅಲ್ವಾ? ಈ ಸಲ ಮೂರು ಆರಿಸಿದ್ದೇನೆ. ಮೊದಲನೆಯದಕ್ಕೇ ಜಾಗ ಜಾಸ್ತಿ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಷ್ಟ್ರೇ, ನನಗೆ 56 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತೀನಿ. ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತೆ. ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತುತ್ತೀನಿ ಅಂತ ಹರಕೆ ಹೊತ್ತಿದ್ದೀನಿ. ಇನ್ನು ಆರು ವಾರ ಇದೆ. ಆಗುತ್ತಾ?
– ಗೃಹಿಣಿ, ಹಾಸನ

ಉತ್ತರ: ಅಕ್ಕ, ಮೊದಲು ಡಾಕ್ಟರಿಗೆ ಕಾಲು ತೋರಿಸಿಕೊಂಡು ಬನ್ನಿ. ಮಂಡಿಯಲ್ಲ, ಪಾದ. ನಮ್ಮ ಚಿಕ್ಕಮಗಳೂರಿನ ಹತ್ತಿರದ ಆ ಬೆಟ್ಟವನ್ನು ಬರಿಗಾಲಲ್ಲಿ ಹತ್ತುವುದು ರೂಢಿ. ಜನ ಹತ್ತುವುದೂ ವರ್ಷಕ್ಕೊಮ್ಮೆ, ನರಕ ಚತುರ್ದಶಿ ಹೊತ್ತಿಗೆ. ಕಲ್ಲು, ಹುಲ್ಲು, ಮಳೆ ಬಂದಿದ್ದರೆ ಕೆಸರು. ರಾತ್ರಿಯೇ ಹೊರಟರೆ ಕತ್ತಲು ಬೇರೆ. ಸಕ್ಕರೆ ಕಾಯಿಲೆ ಹಳೆಯದಾದರೆ ಎಷ್ಟೋ ಜನರಿಗೆ ಪಾದ ಜೋಮು ಹಿಡಿದ ಹಾಗಿರುತ್ತದೆ. ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ. ಆಮೇಲೆ ಅದೇ ಹುಣ್ಣಾಗಿ ತಿಂಗಳುಗಟ್ಟಲೆ ಕಾಡುತ್ತದೆ. ಡಾಕ್ಟರು ತೆಳುವಾದ ನೈಲಾನ್ ಎಳೆಯೊಂದನ್ನು ಪಾದಕ್ಕೆ ಒತ್ತಿ ನೋಡುತ್ತಾರೆ, ಅಷ್ಟೇ ಪರೀಕ್ಷೆ. ಸ್ಪರ್ಶ ಕಡಿಮೆ ಇದೆ ಅಂದರೆ ಬೆಟ್ಟ ಬೇಡ. ಬುಡದಲ್ಲಿ ಬಿಂಡಿಗದ ಗುಡಿ ಇದೆಯಲ್ಲ, ಹರಕೆ ಅಲ್ಲೇ ತೀರಿಸಿ. ದೇವಿ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೆ ನನ್ನ ಹೆಸರು ಹೇಳಿ.

ಪಾದ ಸರಿಯಿದ್ದರೆ ಮಂಡಿಗೆ ಬರೋಣ. ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ, ಇಳಿಯುವುದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಹತ್ತುವಾಗ ಉಸಿರಿಗೆ ಕೆಲಸ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆದು ಹಿಡಿಯಬೇಕು. ಅಭ್ಯಾಸ ಇಲ್ಲದ ಸ್ನಾಯು ಬೇಗ ಸೋಲುತ್ತದೆ. ಆಗ ಪೆಟ್ಟು ಮಂಡಿಗೆ. ಬೆಟ್ಟಕ್ಕೆ ಹೋಗಿ ಬಂದ ಎರಡನೇ ದಿನ ಗೋಡೆ ಹಿಡಿದು ಬಚ್ಚಲಿಗೆ ಹೋಗುವುದು ಇದರಿಂದಲೇ.

ನೀವು ಹಾಸನದವರು, ಅದೇ ಒಳ್ಳೆಯದಾಯಿತು. ಮೊದಲ ಎರಡು ವಾರ ಮಹಾರಾಜ ಪಾರ್ಕಿನಲ್ಲಿ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ವಾರಕ್ಕೆ ಐದು ದಿನ ಸಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಕನಿಷ್ಠ 150 ನಿಮಿಷ ಅಲ್ಲಿಗೆ ಆಯಿತು. ಮನೆಯಲ್ಲಿ ಕೆಳಗಿನ ಒಂದೇ ಮೆಟ್ಟಿಲು ಹಿಡಿದು, ನಿಧಾನವಾಗಿ ಇಳಿಯುವುದನ್ನು ಅಭ್ಯಾಸ ಮಾಡಿ. ಕಂಬಿ ಹಿಡಿದುಕೊಳ್ಳಿ, ನಾಚಿಕೆ ಬೇಡ. ಮೂರನೇ ವಾರ ಶ್ರವಣಬೆಳಗೊಳದ ಚಂದ್ರಗಿರಿ. ಅದು ಚಿಕ್ಕದು. ಅದು ಸಲೀಸಾದ ಮೇಲೆ ಎದುರಿನ ವಿಂಧ್ಯಗಿರಿ, ಅಂದರೆ ಗೊಮ್ಮಟನ ಬೆಟ್ಟ. ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಚಪ್ಪಲಿ ಕೆಳಗೇ ಬಿಡಬೇಕು. ಬರಿಗಾಲಿನ ಅಭ್ಯಾಸ ಪುಕ್ಕಟೆ. ಬೆಳಗ್ಗೆಯೇ ಹೋಗಿ, ಬಿಸಿಲೇರಿದರೆ ಬಂಡೆ ಕಾದ ಹೆಂಚು. ವಿಂಧ್ಯಗಿರಿ ಇಳಿದ ಮಾರನೆಯ ದಿನ ಮಂಡಿ ಊದಿದರೆ ಮೂಳೆ ಡಾಕ್ಟರ ಹತ್ತಿರ ಹೋಗಿ, ಬೆಟ್ಟದ ಕಡೆಗಲ್ಲ.

ಇನ್ನೊಂದು ಮಾತು. ಹರಕೆ ಅಂತ ಉಪವಾಸ ಮಾಡಿ ಹತ್ತಬೇಡಿ. ಕೆಲವು ಮಾತ್ರೆ ತಗೊಂಡವರಿಗೆ ಖಾಲಿ ಹೊಟ್ಟೆಯಲ್ಲಿ ಹತ್ತಿದರೆ ಸಕ್ಕರೆ ಸರ್ರನೆ ಇಳಿಯುತ್ತದೆ. ನಿಮ್ಮ ಮಾತ್ರೆ ಆ ಜಾತಿಯದಾ, ಅವತ್ತು ಎಷ್ಟು ತಗೊಳ್ಳಬೇಕು ಅಂತ ಡಾಕ್ಟರನ್ನೇ ಕೇಳಿ. ಸೆರಗಿನಲ್ಲಿ ಸಕ್ಕರೆಯೋ ಬೆಲ್ಲವೋ ಕಟ್ಟಿಕೊಂಡಿರಿ. ಕೈ ನಡುಗಿ ಬೆವರು ಕಿತ್ತುಕೊಂಡರೆ ಅಲ್ಲೇ ಕೂತು ಬಾಯಿಗೆ ಹಾಕಿಕೊಳ್ಳಿ.

ಪ್ರಶ್ನೆ: ಸರ್, ಅಕ್ಟೋಬರಿನಲ್ಲಿ ಅಪ್ಪನನ್ನು ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗುವ ಆಸೆ. ಅಪ್ಪನಿಗೆ 62. ಅಷ್ಟು ಎತ್ತರದಲ್ಲಿ ಆಮ್ಲಜನಕ ಸಾಕಾಗುತ್ತಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು (ಊರು ಬೇಲೂರು)

ಉತ್ತರ: ಸಾಕಾಗುತ್ತೆ ತಮ್ಮ. ಮುಳ್ಳಯ್ಯನಗಿರಿ ನಮ್ಮ ರಾಜ್ಯಕ್ಕೆ ಎತ್ತರದ್ದು, ಆದರೂ ಸುಮಾರು 1,930 ಮೀಟರ್ ಅಷ್ಟೇ. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನ ಮಾತು. ಮುಳ್ಳಯ್ಯನಗಿರಿಯಲ್ಲಿ ಏದುಸಿರು ಬರುವುದು ಹೆಚ್ಚಾಗಿ ಏರಿನಿಂದ. ಅಪ್ಪ ಮಾತಾಡುತ್ತಾ ಹತ್ತುವಂತಿದ್ದರೆ ವೇಗ ಸರಿ. ಮಾತು ತುಂಡಾದರೆ ನಿಲ್ಲಿ. ಎದೆ ಬಿಗಿದರೆ, ಎಡಗೈ ಜಗ್ಗಿದರೆ ವಿಶ್ರಾಂತಿ ತಗೊಂಡು ಮತ್ತೆ ಹತ್ತುವ ಮಾತಿಲ್ಲ, ಸೀದಾ ಆಸ್ಪತ್ರೆ. ಬಿಪಿಯೋ ಹೃದಯದ ತೊಂದರೆಯೋ ಇದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ.

ನನಗೆ ಆಮ್ಲಜನಕಕ್ಕಿಂತ ಸಿಡಿಲಿನ ಭಯ ಜಾಸ್ತಿ. ಈ ತಿಂಗಳುಗಳಲ್ಲಿ ಬೆಳಗ್ಗೆ ಆಕಾಶ ತೊಳೆದಿಟ್ಟಂತಿದ್ದರೂ ಮಧ್ಯಾಹ್ನದ ಮೇಲೆ ಗುಡುಗು ಕಟ್ಟುತ್ತದೆ. ಮೇಲೆ ಬರೀ ಹುಲ್ಲು, ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ. ಹನ್ನೆರಡರೊಳಗೆ ಇಳಿದುಬಿಡಿ. ಒಂದು ಸ್ವೆಟರ್ ಇರಲಿ, ಬೆವರಿದ ಮೈಗೆ ಆ ಗಾಳಿ ಒಳ್ಳೆಯದಲ್ಲ. ಶನಿವಾರ, ಭಾನುವಾರ ಬೇಡ. ಕೈಮರದ ಚೆಕ್‌ಪೋಸ್ಟಿನಿಂದಾಚೆ ಕಾರಿನ ಹೊಗೆ ಕುಡಿಯುವುದಕ್ಕೆ ಬೆಂಗಳೂರೇ ಸಾಕಲ್ಲ! ನೀನು ಗಟ್ಟಿ ಇದ್ದರೆ ಸರ್ಪದಾರಿ ಅನ್ನುವ ಕಾಲುದಾರಿಯಲ್ಲಿ ನಡೆದು ಬಾ. ಅಪ್ಪನಿಗೆ ಕೊನೆಯ ಮೆಟ್ಟಿಲುಗಳೇ ಸಾಕು.

ಪ್ರಶ್ನೆ: ಇಂಬಳ (ಜಿಗಣೆ) ಹತ್ತಿದರೆ ಉಪ್ಪು ಹಾಕಬೇಕಾ, ಬೆಂಕಿಕಡ್ಡಿ ಇಡಬೇಕಾ?
– ಕಾಲೇಜು ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಎರಡೂ ಬೇಡ ಮಗಳೇ. ಬಾಯಿ ಕಚ್ಚಿದ ಜಾಗಕ್ಕೆ ಉಗುರು ತೂರಿಸಿ ಪಕ್ಕಕ್ಕೆ ಸರಿಸು, ಬಿಡುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತದೆ, ಅದಕ್ಕೇ ತುಂಬಾ ಹೊತ್ತು ಸೋರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿ. ಇಂಬಳಕ್ಕೆ ಕಿರುಚುವವರು ಉಣ್ಣೆ ಹುಳುವನ್ನು (ಉಣುಗು) ನೋಡುವುದೇ ಇಲ್ಲ. ಭಯ ಬೇಕಾದ್ದು ಅದಕ್ಕೆ. ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು, ನಮ್ಮ ಜಿಲ್ಲೆಯ ಮಲೆನಾಡಿನಲ್ಲೂ ಬಂದಿದೆ. ಮಳೆ ನಿಂತು ಚಳಿ ಶುರುವಾದ ಮೇಲೆ ಅದರ ಕಾಲ. ಕಾಡಿಗೆ ಹೋಗುವಾಗ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸು, ತರಗೆಲೆ ಮೇಲೆ ಕೂರಬೇಡ, ಮನೆಗೆ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆ. ಒಂದೆರಡು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಕಾಡಿಗೆ ಹೋಗಿದ್ದೆ ಅನ್ನುವುದನ್ನ.