ಲಿಮರಿಕ್‌ಗೆ ಬರುತ್ತಿರುವ ತಂಗಿಗೆ

ಐರ್ಲೆಂಡಿನ ಲಿಮರಿಕ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಮಗುವನ್ನೂ ಗಂಡನನ್ನೂ ಊರಲ್ಲೇ ಬಿಟ್ಟು ಮೊದಲು ಒಬ್ಬಳೇ ಬರಲೇ, ಹೊರಗಿನವರನ್ನು ಅಲ್ಲಿನ ಜನ ಹೇಗೆ ಕಾಣುತ್ತಾರೆ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ.

ಊರು ಬಿಡುವ ಸಂಕಟವನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಥಾಮಂಡ್ ಸೇತುವೆ ದಾಟಿದರೆ ಶಾನನ್ ನದಿಯ ದಂಡೆಯಲ್ಲಿ ಎತ್ತರದ ಪೀಠದ ಮೇಲೆ ಒಂದು ಒರಟು ಸುಣ್ಣದಕಲ್ಲು ಇದೆ. ಇಂಗ್ಲೆಂಡಿನ ರಾಜ ವಿಲಿಯಂನ ಸೇನೆ ಈ ಊರಿಗೆ ಮುತ್ತಿಗೆ ಹಾಕಿತ್ತು; ಅದನ್ನು ಮುಗಿಸಿದ 1691ರ ಅಕ್ಟೋಬರ್ 3ರ ಒಪ್ಪಂದಕ್ಕೆ ಸಹಿ ಬಿದ್ದದ್ದು ಆ ಕಲ್ಲಿನ ಮೇಲೆಯೇ ಎಂದು ಪ್ರತೀತಿ. ಸೋತ ಐರಿಷ್ ಸೈನಿಕರಿಗೆ ಫ್ರಾನ್ಸಿಗೆ ಹೋಗಲು ಆ ಒಪ್ಪಂದ ದಾರಿ ಬಿಟ್ಟಿತು. ಅವರ ದಂಡನಾಯಕ ಪ್ಯಾಟ್ರಿಕ್ ಸಾರ್ಸ್‌ಫೀಲ್ಡ್‌ನ ಜೊತೆ ಸುಮಾರು 14,000 ಸೈನಿಕರು ಹೊರಟರು. ಎರಡೇ ವರ್ಷದಲ್ಲಿ ಆತ ಲಾಂಡನ್ ಕದನದಲ್ಲಿ ಗಾಯಗೊಂಡು ಸತ್ತ. ಅದು ಲಂಡನ್ ಅಲ್ಲ, ಈಗಿನ ಬೆಲ್ಜಿಯಂನ ಊರು. ಇತ್ತ ಐರ್ಲೆಂಡಿನಲ್ಲಿ ಬಹುಪಾಲು ಜನರಾಗಿದ್ದ ಕ್ಯಾಥೋಲಿಕರಿಗೆ ಸೇನೆಯಲ್ಲಿ ಹುದ್ದೆಯಿಲ್ಲ, ಜಮೀನು ಕೊಳ್ಳುವಂತಿಲ್ಲ ಎಂಬ ಕಾನೂನುಗಳು ಬಂದವು. ಹಾಗಾಗಿ ಮುಂದಿನ ತಲೆಮಾರುಗಳ ಹುಡುಗರೂ ಫ್ರಾನ್ಸ್, ಸ್ಪೇನ್, ಆಸ್ಟ್ರಿಯಾಗಳ ಪಡೆ ಸೇರುತ್ತಲೇ ಹೋದರು.

ನನಗೆ ಬಹಳ ಹಿಡಿಸಿದವನು ಪೀಟರ್ ಲೇಸಿ. ಲಿಮರಿಕ್ ಜಿಲ್ಲೆಯವನು, ಮುತ್ತಿಗೆಯ ಕಾಲಕ್ಕೆ ಇನ್ನೂ ಹದಿಮೂರರ ಹುಡುಗ. ಫ್ರಾನ್ಸಿಗೆ ಹೋಗಿ, ಅಲ್ಲಿಂದ ರಷ್ಯಾ ಸೇರಿ, ಫೀಲ್ಡ್ ಮಾರ್ಷಲ್ ಆಗಿ 1751ರಲ್ಲಿ ರೀಗಾದಲ್ಲಿ ತೀರಿಕೊಂಡ. ಮಗ ಹುಟ್ಟಿದ್ದು ಪೀಟರ್ಸ್‌ಬರ್ಗಿನಲ್ಲಿ, ಫೀಲ್ಡ್ ಮಾರ್ಷಲ್ ಆದದ್ದು ಆಸ್ಟ್ರಿಯಾದಲ್ಲಿ. ನಮ್ಮ ಕಡೆಗೂ ಈ ಬಳಗದ ಒಬ್ಬ ಬಂದಿದ್ದ: ಗಾಲ್ವೇ ಮೂಲದ ತಂದೆಗೆ ಫ್ರಾನ್ಸಿನಲ್ಲಿ ಹುಟ್ಟಿದ ಲಾಲಿ, ಭಾರತದಲ್ಲಿದ್ದ ಫ್ರೆಂಚ್ ಪಡೆಯ ದಂಡನಾಯಕ. 1760ರಲ್ಲಿ ಪಾಂಡಿಚೇರಿಯನ್ನು ಉಳಿಸಿಕೊಳ್ಳಲು ಆತ ನೆರವು ಕೇಳಿದ್ದು ಹೈದರಾಲಿಯನ್ನು. ಲಾಲಿಯನ್ನು ತಮಿಳುನಾಡಿನ ವಾಂಡಿವಾಶ್‌ನಲ್ಲಿ ಸೋಲಿಸಿದ ಬ್ರಿಟಿಷ್ ದಂಡನಾಯಕ ಐರ್ ಕೂಟ್ ಕೂಡ ಐರ್ಲೆಂಡಿನವನೇ.

ಆದರೆ ನಿಮ್ಮ ಮೊದಲ ಪ್ರಶ್ನೆಗೆ ಮುಖ್ಯವಾದದ್ದು, ಸಾರ್ಸ್‌ಫೀಲ್ಡ್‌ನ ಸೈನಿಕರು ಹಡಗು ಹತ್ತಿದ ಕಾರ್ಕ್ ಬಂದರಿನ ಸಂಗತಿ. ಹೆಂಡತಿ ಮಕ್ಕಳನ್ನು ಕರೆದೊಯ್ಯಬಹುದು ಎಂದು ಸೈನಿಕರಿಗೆ ಮಾತು ಕೊಡಲಾಗಿತ್ತು. ಹಡಗು ಬಿಡುವ ಹೊತ್ತಿಗೆ ಬಹಳ ಹೆಂಗಸರು ದಡದಲ್ಲೇ ಉಳಿದರು. ಕೆಲವರು ನೀರಿಗಿಳಿದು ದೋಣಿಗಳಿಗೆ ಜೋತುಬಿದ್ದರು. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೊದಲು ನಾನು ಹೋಗುತ್ತೇನೆ, ಆಮೇಲೆ ನೀವು ಬನ್ನಿ ಎಂದು ಹೊರಟವರ ಮಕ್ಕಳು ಫೋನಿನಲ್ಲೇ ಬೆಳೆದದ್ದನ್ನು ಇಲ್ಲಿ ಕಣ್ಣಾರೆ ಕಂಡಿದ್ದೇನೆ.

ನರ್ಸ್‌ಗಳಿಗೆ ಕ್ರಿಟಿಕಲ್ ಸ್ಕಿಲ್ಸ್ ಎಂಬ ಬಗೆಯ ಕೆಲಸದ ಪರವಾನಗಿ ಸಿಗುತ್ತದೆ. ಅದಿದ್ದರೆ ಕುಟುಂಬವನ್ನು ಕರೆತರಲು ವರ್ಷಗಟ್ಟಲೆ ಕಾಯಬೇಕಿಲ್ಲ. ನಿಮ್ಮ ಕೆಲಸದ ಪತ್ರದಲ್ಲಿ ಯಾವ ಪರವಾನಗಿ ಎಂದು ಬರೆದಿದ್ದಾರೆ, ಸಹಿ ಹಾಕುವ ಮುನ್ನ ನೋಡಿಕೊಳ್ಳಿ. ಇಲ್ಲಿ ಬಾಡಿಗೆ ಮನೆ ಸಿಗುವುದು ನಿಜಕ್ಕೂ ಕಷ್ಟ, ಆದ್ದರಿಂದ ಈಗಲೇ ಹುಡುಕಲು ಶುರುಮಾಡಿ. ಒಂದೇ ಕೋಣೆಯಾದರೂ ಸರಿ, ಮಗುವನ್ನು ಕರೆದುಕೊಂಡೇ ಬನ್ನಿ.