ತಲೆಗೆ ಪೆಟ್ಟು, ಕೈಯಲ್ಲಿ ರಿಪೋರ್ಟು: ಮತ್ತದೇ ಪ್ರಶ್ನೆ

ಪ್ರಶ್ನೆ: ಒಂಬತ್ತು ದಿನದ ಹಿಂದೆ ಸ್ಕೂಟರಿನಿಂದ ಬಿದ್ದೆ. ಒಂದೆರಡು ನಿಮಿಷ ಏನಾಯಿತೆಂದು ನೆನಪಿಲ್ಲ. ಸಿಟಿ ಸ್ಕ್ಯಾನ್ ನಾರ್ಮಲ್. ಈಗಲೂ ತಲೆನೋವು, ಬೆಳಕು ಕಂಡರೆ ಕಿರಿಕಿರಿ. ಇದಕ್ಕೊಂದು ರಕ್ತ ಪರೀಕ್ಷೆ ಬಂದಿದೆಯಂತೆ. ಮಾಡಿಸಿದರೆ ಈ ತೊಂದರೆ ಎಷ್ಟು ದಿನ ಇರುತ್ತದೆ ಅಂತ ಗೊತ್ತಾಗುತ್ತದೆಯೇ?

ಉತ್ತರ: ಇಲ್ಲ. ವಾರಕ್ಕೆ ಎರಡಾದರೂ ಇಂಥ ಪತ್ರ ಬರುತ್ತವೆ, ಹಾಗಾಗಿ ಇವತ್ತು ಸ್ವಲ್ಪ ಉದ್ದಕ್ಕೇ ಬರೆದುಬಿಡುತ್ತೇನೆ.

ಪರೀಕ್ಷೆ ಸುಳ್ಳಲ್ಲ. ಮಿದುಳಿಗೆ ಪೆಟ್ಟಾದರೆ ಕೆಲವು ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ಜಿಎಫ್‌ಎಪಿ ಅನ್ನುವುದು ನರಕೋಶಗಳಿಗೆ ಆಸರೆಯಾಗಿರುವ ಕೋಶಗಳದ್ದು, ಯುಸಿಎಚ್-ಎಲ್1 ನರಕೋಶಗಳದ್ದೇ. ಇವೆರಡನ್ನೂ ಒಟ್ಟಿಗೆ ಅಳೆಯುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಯಾತಕ್ಕೆ ಕೊಟ್ಟಿತು ಅನ್ನುವುದನ್ನು ಮಾತ್ರ ಯಾರೂ ಓದುವುದಿಲ್ಲ. ಬಿದ್ದ 12 ಗಂಟೆಯೊಳಗೆ ರಕ್ತ ತೆಗೆದು, ಸಿಟಿ ಸ್ಕ್ಯಾನ್ ಬೇಕೋ ಬೇಡವೋ ತೀರ್ಮಾನಿಸಲಿಕ್ಕೆ. ಅಷ್ಟೇ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ: ಅಧ್ಯಯನದಲ್ಲಿ ಎರಡೂ ಕಡಿಮೆ ಬಂದವರ ಪೈಕಿ ನೂರಕ್ಕೆ 99.6 ಜನರ ಸ್ಕ್ಯಾನಿನಲ್ಲಿ ಪೆಟ್ಟಿನ ಗುರುತೇ ಇರಲಿಲ್ಲ. ನಿಮ್ಮ ಸ್ಕ್ಯಾನ್ ಆಗಲೇ ಆಗಿದೆ, ನಾರ್ಮಲ್ ಬಂದಿದೆ. ಇನ್ನು ಆ ಪರೀಕ್ಷೆಯಿಂದ ನಿಮಗೇನು ಆಗಬೇಕು?

ಅದೂ ಒಂಬತ್ತನೇ ದಿನ! ಈ ಪ್ರೋಟೀನುಗಳಿಗೆ ಒಂದೊಂದಕ್ಕೂ ಒಂದೊಂದು ಗಡಿಯಾರವಿದೆ. ಯುಸಿಎಚ್-ಎಲ್1 ಸುಮಾರು ಎಂಟು ಗಂಟೆಗೆಲ್ಲ ಏರಿ ಇಳಿಯತೊಡಗುತ್ತದೆ. ಜಿಎಫ್‌ಎಪಿ ಹೆಚ್ಚುಕಮ್ಮಿ ಒಂದು ದಿನಕ್ಕೆ ತುದಿ ಮುಟ್ಟಿ ನಿಧಾನವಾಗಿ ಇಳಿಯುತ್ತದೆ. ಎಸ್‌100ಬಿ ಅಂತ ಇನ್ನೊಂದು ಪ್ರೋಟೀನಿದೆ, ಅದು ಕೆಲವೇ ಗಂಟೆಗಳ ಅತಿಥಿ, ಅದಕ್ಕೇ ಸ್ಕ್ಯಾಂಡಿನೇವಿಯಾದ ವೈದ್ಯರು 2013ರ ಮಾರ್ಗಸೂಚಿಯಲ್ಲಿ ಆರು ಗಂಟೆಯೊಳಗೆ ರಕ್ತ ತೆಗೆದರೆ ಮಾತ್ರ ಅದನ್ನು ನೋಡಿ ಅಂದರು. ಯಾವಾಗ ಬಿದ್ದದ್ದು, ಯಾವಾಗ ರಕ್ತ ತೆಗೆದದ್ದು ಅಂತ ಹೇಳದೆ ಬರೀ ಸಂಖ್ಯೆಯ ಫೋಟೋ ಕಳಿಸಬೇಡಿ, ನಾನು ಉತ್ತರಿಸುವುದಿಲ್ಲ.

ಈಚೆಗೆ ಒಬ್ಬರು ನಾಲ್ಕು ಮಡಿಕೆ ಮಾಡಿದ ರಿಪೋರ್ಟ್ ತಂದು ಮೇಜಿನ ಮೇಲೆ ಬಿಡಿಸಿಟ್ಟರು. ಎಸ್‌100ಬಿ ಸಂಖ್ಯೆಯ ಸುತ್ತ ಕೆಂಪು ಪೆನ್ನಿನಲ್ಲಿ ಮೂರು ಸುತ್ತು ಗೀಚಿದ್ದರು, ಮಡಿಕೆಯ ಜಾಗದಲ್ಲಿ ಕಾಗದ ಹರಿದೇ ಹೋಗಿತ್ತು. ಎಡಗೈ ಪ್ಲಾಸ್ಟರಿನಲ್ಲಿತ್ತು. ಎಸ್‌100ಬಿ ಮಿದುಳಿನಲ್ಲಷ್ಟೇ ಇರುವುದಿಲ್ಲ, ಕೊಬ್ಬಿನಲ್ಲೂ ಇದೆ, ಮೂಳೆ ಮುರಿದರೂ ಏರುತ್ತದೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮೂರು ವಾರದಿಂದ ಆ ಸಂಖ್ಯೆ ನೋಡಿ ನೋಡಿ ನಿದ್ದೆಗೆಟ್ಟಿದ್ದರು, ನಿದ್ದೆಗೆಟ್ಟು ತಲೆನೋವು ಜಾಸ್ತಿಯಾಗಿತ್ತು, ಆ ತಲೆನೋವನ್ನೂ ಅದೇ ಸಂಖ್ಯೆಯ ಲೆಕ್ಕಕ್ಕೆ ಬರೆದುಕೊಂಡಿದ್ದರು.

ಸರಿ, ಬಿದ್ದ ದಿನವೇ ಜಿಎಫ್‌ಎಪಿ ನೋಡಿದ್ದರೆ ಮುಂದಿನದು ತಿಳಿಯುತ್ತಿತ್ತಾ? ಟ್ರ್ಯಾಕ್-ಟಿಬಿಐ ಎಂಬ ಅಮೆರಿಕದ ದೊಡ್ಡ ಅಧ್ಯಯನ 2022ರಲ್ಲಿ ಇದನ್ನೇ ಕೇಳಿತು. ನಾಣ್ಯ ಚಿಮ್ಮಿ ಹೇಳುವ ಭವಿಷ್ಯಕ್ಕೆ 0.5 ಅಂಕ, ಎಂದೂ ತಪ್ಪದ ಭವಿಷ್ಯಕ್ಕೆ 1 ಅಂದುಕೊಳ್ಳಿ. ಆರು ತಿಂಗಳೊಳಗೆ ಸಾಯುವವರು ಯಾರು ಅಂತ ಗುರುತಿಸುವುದರಲ್ಲಿ ಜಿಎಫ್‌ಎಪಿಗೆ 0.87 ಸಿಕ್ಕಿತು. ಪೂರ್ತಿ ಚೇತರಿಸಿಕೊಳ್ಳದೆ ಉಳಿಯುವವರು ಯಾರು ಅಂದರೆ? 0.62. ಭಾರಿ ಪೆಟ್ಟಿನಲ್ಲಿ ಅದು ಒಳ್ಳೆಯ ಸಾಕ್ಷಿ. ನಿಮ್ಮ ತಲೆನೋವಿನ ವಿಷಯದಲ್ಲಿ ನಾಣ್ಯಕ್ಕಿಂತ ಚೂರು ವಾಸಿ.

ಕಾರಣವೂ ಕಷ್ಟದ್ದೇನಲ್ಲ. ರಕ್ತದ ಸಂಖ್ಯೆ ಹೇಳುವುದು ಎಷ್ಟು ಕೋಶ ಒಡೆಯಿತು ಅಂತ. ವಾರಗಟ್ಟಲೆ ಕಾಡುವ ತಲೆನೋವು, ತಲೆಸುತ್ತು, ಗಮನ ನಿಲ್ಲದಿರುವುದು, ಸಿಡಿಮಿಡಿ ಇವಕ್ಕೆ ಕುತ್ತಿಗೆ, ಒಳಕಿವಿ, ನಿದ್ದೆ, ಮನಸ್ಸು ಎಲ್ಲ ಸೇರಿರುತ್ತವೆ. ಅದೇ ತಂಡದ 2019ರ ವರದಿಯಲ್ಲಿ, ತಲೆಗೆ ಸಣ್ಣ ಪೆಟ್ಟಾದವರಲ್ಲಿ ನೂರಕ್ಕೆ 53 ಜನ ಒಂದು ವರ್ಷದ ಮೇಲೂ ಪೂರ್ತಿ ಮೊದಲಿನಂತಾಗಿಲ್ಲ ಅಂದಿದ್ದರು. ಕೈಕಾಲು ಮೂಳೆಗೆ ಪೆಟ್ಟಾಗಿ ಬಂದವರಲ್ಲೂ 38 ಜನ ಹಾಗೇ ಅಂದಿದ್ದರು! ಅವರ ಮಿದುಳಿನಿಂದ ಸೋರುವುದಕ್ಕೆ ಏನಿತ್ತು?

ಮೊದಲೇ ಮೈಗ್ರೇನ್ ಇತ್ತಾ, ಆತಂಕ ಖಿನ್ನತೆ ಇತ್ತಾ, ಹಿಂದೆಯೂ ತಲೆಗೆ ಪೆಟ್ಟು ಬಿದ್ದಿತ್ತಾ, ಮೊದಲ ದಿನಗಳಲ್ಲಿ ಎಷ್ಟು ತೊಂದರೆಗಳಿದ್ದವು? ಮುಂದಿನದನ್ನು ಊಹಿಸಲು ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಪ್ರಶ್ನೆಗಳು. ಸೂಜಿ ಬೇಡ, ಕೂರಿಸಿಕೊಂಡು ಕೇಳುವ ವ್ಯವಧಾನ ಬೇಕು. ಅದು ನಮ್ಮ ವೈದ್ಯರಲ್ಲೇ ಕಡಿಮೆ, ಒಪ್ಪುತ್ತೇನೆ.

ನೀವು ಕತ್ತಲೆ ಕೋಣೆಯಿಂದ ಹೊರಗೆ ಬನ್ನಿ. ವಿಶ್ರಾಂತಿ ಮೊದಲ ಒಂದೆರಡು ದಿನಕ್ಕೆ ಸಾಕಿತ್ತು. ದಿನಾ ಸ್ವಲ್ಪ ನಡೆಯಿರಿ, ತಲೆನೋವು ತೀರಾ ಏರಿದರೆ ಕಡಿಮೆ ಮಾಡಿ, ಮಾರನೇ ದಿನ ಮತ್ತೆ ನಡೆಯಿರಿ. ತಿಂಗಳಾದರೂ ಹೀಗೇ ಇದ್ದರೆ ವೈದ್ಯರಿಗೆ ತೋರಿಸಿ, ಕುತ್ತಿಗೆಯನ್ನೂ ಪರೀಕ್ಷೆ ಮಾಡಿ ಅಂತ ನೀವೇ ಕೇಳಿ. ಇನ್ನೊಂದು, ಇದರಲ್ಲಿ ನಾನು ಸ್ವಲ್ಪ ಪುಕ್ಕಲ ಅಂತಲೇ ಅಂದುಕೊಳ್ಳಿ: ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ, ಅಥವಾ ವಾಂತಿ, ಮಂಪರು, ಕೈಕಾಲು ಸೋಲುವುದು, ದಿನದಿಂದ ದಿನಕ್ಕೆ ಏರುವ ತಲೆನೋವು ಶುರುವಾದರೆ ಹಳೇ ಸ್ಕ್ಯಾನ್ ನಂಬಿಕೊಂಡು ಕೂರಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗನಿಗೆ 14 ವರ್ಷ. ಆಟದಲ್ಲಿ ತಲೆಗೆ ಪೆಟ್ಟಾಗಿದೆ. ರಕ್ತ ಪರೀಕ್ಷೆ ಚೆನ್ನಾಗಿ ಬಂದರೆ ಈ ವಾರ ಆಡಿಸಬಹುದೇ?

ಉತ್ತರ: ಬೇಡ. ಎಫ್‌ಡಿಎ ಒಪ್ಪಿಗೆ 18 ತುಂಬಿದವರಿಗೆ, ಅದೂ ಸ್ಕ್ಯಾನ್ ತೀರ್ಮಾನಕ್ಕೆ, ಮೈದಾನಕ್ಕಲ್ಲ.

ಪ್ರಶ್ನೆ: ಸೋರಿದ ಪ್ರೋಟೀನು ವಿಷವಾಗುತ್ತದಂತೆ, ಅದನ್ನು ಹೊರಹಾಕುವ ಪುಡಿ ಒಳ್ಳೆಯದೇ?

ಉತ್ತರ: ಅದನ್ನು ದೇಹವೇ ತೆಗೆದುಹಾಕುತ್ತದೆ. ಪುಡಿಯಿಂದ ಖಾಲಿಯಾಗುವುದು ನಿಮ್ಮ ಜೇಬು.

ಪ್ರಶ್ನೆ: ಕುತ್ತಿಗೆ ಲಟಕ್ಕನೆ ತಿರುಗಿಸಿ ನರ ಕೂರಿಸುವವರ ಹತ್ತಿರ ಹೋಗಬಹುದೇ?

ಉತ್ತರ: ಸುಮ್ನೆ ಮನೆಯಲ್ಲಿರಿ.

ಪ್ರಶ್ನೆ: ಪೆಟ್ಟು ಬಿದ್ದ ರಾತ್ರಿ ನಿದ್ದೆ ಮಾಡಲು ಬಿಡಬಾರದು ಅಲ್ವಾ?

ಉತ್ತರ: ವೈದ್ಯರು ನೋಡಿ ಮನೆಗೆ ಕಳಿಸಿದ ಮೇಲೆ ಮಲಗಲಿ ಬಿಡಿ, ನೀವೂ ಮಲಗಿ.